ಲೈಮ್ ಬೀದಿಯ ಪ್ರೇತಶೋಧನೆ



ವೈದ್ಯನನ್ನು ಉಪನ್ಯಾಸಕ್ಕೆ ಕರೆದರೆ ಆತ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ವಿಚಾರ ಮಾತನಾಡುವನೆಂದು ಸಭಿಕರು ಎದುರು ನೋಡುವುದು ಸಹಜ. ಅವೆರಡನ್ನೂ ಕ್ಲಿನಿಕ್ಕಿಗೇ ಬಿಟ್ಟು, ನಾವು ನೆಲೆಸಿರುವ ಈ ಬಾಸ್ಟನ್ ನಗರದಲ್ಲಿಯೇ ನಡೆದ ಒಂದು ಹಳೆಯ ಪ್ರಕರಣವನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ. ಇದನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬೇಸಿಗೆ ಬಂತೆಂದರೆ ನಮ್ಮವರ ಮನೆಗಳಿಗೆ ಸ್ಪರ್ಶಮಾತ್ರದಿಂದ ರೋಗ ನೀಗುವವರು, ಗತಿಸಿದವರ ಸಂದೇಶ ತರುವವರು ಬಂದು ಹೋಗುವುದುಂಟು. ಅವರ ಬಗೆಗೆ ಸ್ನೇಹಿತರು ನನ್ನ ಅಭಿಪ್ರಾಯ ಕೇಳುತ್ತಾರೆ. ನಾನು ಸಂಶಯ ಸೂಚಿಸಿದೊಡನೆ ಬರುವ ಮಾತು ಒಂದೇ: "ಡಾಕ್ಟರೇ, ಅವರು ಒಂದು ಡಾಲರನ್ನೂ ಮುಟ್ಟುವುದಿಲ್ಲ. ಸುಳ್ಳು ಹೇಳಿ ಅವರಿಗೇನು ಲಾಭ?" ಈ ಪ್ರಶ್ನೆಯನ್ನು 1924ರಲ್ಲಿ ಇದೇ ನಗರದ ಘನ ವಿದ್ವಾಂಸರೂ ತಮ್ಮನ್ನು ತಾವೇ ಕೇಳಿಕೊಂಡಿದ್ದರು. ಅವರಿಗೆ ದೊರೆತ ಉತ್ತರ ವಿಚಿತ್ರವಾದದ್ದು.

ಪ್ರೇತ, ಪರಲೋಕಗಳ ವಿಚಾರವನ್ನು ವಿಜ್ಞಾನದ ಶಿಸ್ತಿನಿಂದ ಪರಿಶೀಲಿಸಬೇಕೆಂದು ಲಂಡನ್ನಿನಲ್ಲಿ ಒಂದು ಸಂಘ ಹುಟ್ಟಿದ್ದು 1882ರಲ್ಲಿ. ಕೇಂಬ್ರಿಜ್‌ನ ತತ್ತ್ವಶಾಸ್ತ್ರಜ್ಞ ಹೆನ್ರಿ ಸಿಜ್ವಿಕ್ ಅದರ ಮೊದಲ ಅಧ್ಯಕ್ಷ. ಎರಡು ವರ್ಷಗಳ ತರುವಾಯ ಆ ಸಂಘ ರಿಚರ್ಡ್ ಹಾಡ್ಜ್‌ಸನ್ ಎಂಬ ತರುಣನನ್ನು ಮದರಾಸಿಗೆ ಕಳುಹಿಸಿತು. ಅಡ್ಯಾರಿನ ಥಿಯಾಸಾಫಿಕಲ್ ಸೊಸೈಟಿಯಲ್ಲಿ ಮಹಾತ್ಮರ ಪತ್ರಗಳು ಆಕಾಶದಿಂದ ಉದುರುತ್ತಿದ್ದುವಷ್ಟೆ. ಅದನ್ನು ವಿಚಾರಿಸಿ ಬರುವ ಕೆಲಸ ಆತನದು. ಮೇಡಂ ಬ್ಲವಟ್‌ಸ್ಕಿ ಮಾಡಿದ್ದು ವಂಚನೆಯೆಂದು 1885ರಲ್ಲಿ ಆತನ ವರದಿ ಸಾರಿತು. 1887ರಲ್ಲಿ ಆತ ಬಾಸ್ಟನ್ನಿಗೆ ಬಂದು, ಇಲ್ಲಿಯ ಶ್ರೀಮತಿ ಪೈಪರ್ ಎಂಬ ಮೀಡಿಯಮ್ಮಿನ ಹಿಂದೆ ಪತ್ತೇದಾರರನ್ನು ಬಿಟ್ಟು ಪರೀಕ್ಷಿಸಿದ. ಕೊನೆಗೆ ಆಕೆಯಿಂದಲೇ ಪರಲೋಕದಲ್ಲಿ ನಂಬಿಕೆ ತಳೆದ! ಅಡ್ಯಾರಿನಲ್ಲಿ ಆತ ಪ್ರಾಮಾಣಿಕ, ಬಾಸ್ಟನ್ನಿನಲ್ಲಿ ಅಪ್ರಾಮಾಣಿಕ ಎನ್ನಲಾಗದು. ಇನ್ನೊಂದು ಮಾತು: 1986ರಲ್ಲಿ, ಅಂದರೆ ನೂರೊಂದು ವರ್ಷಗಳ ಮೇಲೆ, ಹಾಡ್ಜ್‌ಸನ್ನನ ವರದಿಯಲ್ಲಿದ್ದ ಕೈಬರಹದ ಸಾಕ್ಷ್ಯವನ್ನು ಕಟುವಾಗಿ ಖಂಡಿಸುವ ಲೇಖನವನ್ನು ಅದೇ ಸಂಘ ತನ್ನ ಪತ್ರಿಕೆಯಲ್ಲಿಯೇ ಅಚ್ಚುಹಾಕಿತು. ಅಂಥ ಎದೆಗಾರಿಕೆ ವೈದ್ಯಕೀಯ ಪತ್ರಿಕೆಗಳಲ್ಲಿಯೂ ಅಪರೂಪ.

ಈಗ ಲೈಮ್ ಬೀದಿಗೆ ಬರೋಣ. 1922ರ ಕೊನೆಯಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆ ಒಂದು ಬಹುಮಾನ ಸಾರಿತು. ಕಟ್ಟುನಿಟ್ಟಾದ ಪರೀಕ್ಷೆಯಲ್ಲಿ ಪ್ರೇತದ ಛಾಯಾಚಿತ್ರ ತೆಗೆದು ತೋರಿಸಿದವರಿಗೆ 2,500 ಡಾಲರು. ಕಣ್ಣಿಗೆ ಕಾಣುವ ಬೇರಾವುದೇ ಚಮತ್ಕಾರಕ್ಕೆ ಮತ್ತೆ 2,500. ತೀರ್ಪುಗಾರರು ಐವರು: ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ವಿಲಿಯಂ ಮೆಕ್‌ಡೂಗಲ್, ಟೆಕ್ನಿಕಲರ್ ಚಲನಚಿತ್ರ ತಂತ್ರದ ಸ್ಥಾಪಕರಲ್ಲೊಬ್ಬನಾದ ಭೌತವಿಜ್ಞಾನಿ ಡೇನಿಯಲ್ ಕಾಮ್‌ಸ್ಟಾಕ್, ಪಾದ್ರಿಯಾಗಿದ್ದು ಪ್ರೇತಶೋಧನೆಗಿಳಿದ ವಾಲ್ಟರ್ ಫ್ರಾಂಕ್ಲಿನ್ ಪ್ರಿನ್ಸ್, ಇದೇ ವಿಷಯದ ಲೇಖಕ ಹಿಯರ್ವರ್ಡ್ ಕ್ಯಾರಿಂಗ್ಟನ್, ಮತ್ತು ಬೇಡಿ ಕಳಚಿಕೊಳ್ಳುವ ಇಂದ್ರಜಾಲಕ್ಕೆ ಜಗತ್ಪ್ರಸಿದ್ಧನಾದ ಹ್ಯಾರಿ ಹುಡಿನಿ. ಪತ್ರಿಕೆಯ ಸಹಸಂಪಾದಕ ಮಾಲ್ಕಮ್ ಬರ್ಡ್ ಕಾರ್ಯದರ್ಶಿ. ಪ್ರಾಧ್ಯಾಪಕರೂ ಪಾದ್ರಿಯೂ ಕುಳಿತ ಸಮಿತಿಯಲ್ಲಿ ದೊಂಬರಾಟದವನಿಗೇನು ಕೆಲಸವೆಂದು ಹಲವರು ಮೂಗು ಮುರಿದರು.

ಪರೀಕ್ಷೆಗೆ ಬಂದ ಮೀಡಿಯಮ್ಮುಗಳಲ್ಲಿ ಗಟ್ಟಿಯಾಗಿ ನಿಂತವಳು ಒಬ್ಬಳೇ. ಬೀಕನ್ ಹಿಲ್‌ನ 10, ಲೈಮ್ ಸ್ಟ್ರೀಟಿನ ಶಸ್ತ್ರಚಿಕಿತ್ಸಕ ಡಾಕ್ಟರ್ ಕ್ರಾಂಡನ್‌ರ ಮಡದಿ ಮೀನಾ. ಹೆಸರು ಮರೆಸಲೆಂದು ಬರ್ಡ್ ಆಕೆಯನ್ನು 'ಮಾರ್ಜರಿ' ಎಂದು ಕರೆದ. ಕತ್ತಲೆ ಕೋಣೆಯಲ್ಲಿ ಎಲ್ಲರೂ ಕೈ ಕೈ ಹಿಡಿದು ಕುಳಿತರೆ, 1911ರಲ್ಲಿ ರೈಲ್ವೆ ಅಪಘಾತದಲ್ಲಿ ಮಡಿದ ಆಕೆಯ ಅಣ್ಣ ವಾಲ್ಟರನ ದನಿ ಕೇಳುತ್ತಿತ್ತು. ಮೇಜು ಏಳುತ್ತಿತ್ತು, ಪೆಟ್ಟಿಗೆಯೊಳಗಿನ ಗಂಟೆ ಬಾರಿಸುತ್ತಿತ್ತು. ಆಕೆ ಚೆಲುವೆ, ಮಾತಿನಲ್ಲಿ ಚುರುಕು, ಅತಿಥಿಗಳಲ್ಲಿ ಆದರ. ಗಂಡ ಸ್ಥಿತಿವಂತ. ಬಹುಮಾನದ ಹಣ ತಮಗೆ ಬೇಡವೆಂದು ಮೊದಲೇ ಹೇಳಿಬಿಟ್ಟಿದ್ದರು. ಸುಳ್ಳು ಹೇಳಿ ಅವರಿಗೇನು ಲಾಭ?

ಇಲ್ಲಿ ತೀರ್ಪುಗಾರರ ಊಟ ವಸತಿಯ ವಿಚಾರ ಹೇಳಬೇಕು. ಬರ್ಡ್ ಮತ್ತು ಕ್ಯಾರಿಂಗ್ಟನ್ ಕ್ರಾಂಡನ್ ದಂಪತಿಗಳ ಮನೆಯಲ್ಲಿಯೇ ಅತಿಥಿಗಳಾಗಿ ಇಳಿದಿದ್ದರು. ಉಂಡ ಮನೆಗೆ ಎರಡು ಬಗೆಯಬಾರದೆಂಬ ನಮ್ಮ ಗಾದೆ ಸಂಸಾರಸ್ಥರಿಗೆ ಸರಿ. ಪರೀಕ್ಷಕನಿಗೆ ಅದು ವಿಷ. ಔಷಧ ಕಂಪೆನಿಯವರು ಕೊಡಿಸಿದ ಊಟ ಮುಗಿಸಿ ಬಂದ ವೈದ್ಯ ತನ್ನ ಲೇಖನಿ ಸ್ವತಂತ್ರವೆಂದೇ ತಿಳಿದಿರುತ್ತಾನೆ, ಮತ್ತು ಪ್ರಾಮಾಣಿಕವಾಗಿಯೇ ಹಾಗೆ ತಿಳಿದಿರುತ್ತಾನೆ. ಇಷ್ಟು ವರ್ಷಗಳ ವೃತ್ತಿಯಲ್ಲಿ ಇದನ್ನು ಸಾಕಷ್ಟು ಕಂಡಿದ್ದೇನೆ. ಬರ್ಡ್ ಪತ್ರಿಕೆಯಲ್ಲಿ ಮಾರ್ಜರಿಯ ಪರವಾಗಿ ಬರೆಯುತ್ತ ಹೋದ. ಬಹುಮಾನ ಇನ್ನೇನು ಆಕೆಗೆ ಸಂದೇಬಿಡುವುದೆಂಬ ಹಂತದಲ್ಲಿ ವಿಷಯ ಹುಡಿನಿಯ ಕಿವಿಗೆ ಬಿತ್ತು. ತೀರ್ಪುಗಾರರಲ್ಲೊಬ್ಬನಾದ ತನ್ನನ್ನು ಅದುವರೆಗೆ ಕರೆದೇ ಇರಲಿಲ್ಲವೆಂದು ಆತ ಸಿಡಿದೆದ್ದ. 1924ರ ಜುಲೈ 23ರಂದು ಬಾಸ್ಟನ್ನಿಗೆ ಬಂದವನು ಲೈಮ್ ಬೀದಿಯ ಆತಿಥ್ಯ ಒಲ್ಲದೆ ಹೋಟೆಲಿನಲ್ಲಿ ಇಳಿದ.

ಅಂದು ಆತ ಮಾಡಿಕೊಂಡ ಸಿದ್ಧತೆ ಸೊಗಸಾದದ್ದು. ಹಗಲೆಲ್ಲ ಬಲಗಾಲಿನ ಮೊಣಕಾಲ ಕೆಳಗೆ ರಬ್ಬರಿನ ಪಟ್ಟಿಯೊಂದನ್ನು ಬಿಗಿದು ಕಟ್ಟಿಕೊಂಡಿದ್ದ. ರಾತ್ರಿ ಅದನ್ನು ಬಿಚ್ಚುವ ಹೊತ್ತಿಗೆ ಕಾಲು ಬಾತು ನವಿರು ಸೋಕಿದರೂ ನೋಯುವಂತಾಗಿತ್ತು. ಕತ್ತಲೆಯಲ್ಲಿ ಮಾರ್ಜರಿಯ ಎಡಗಡೆ ಕುಳಿತು, ಪಾದಗಳ ನಡುವೆ ಗಂಟೆಯ ಪೆಟ್ಟಿಗೆಯನ್ನಿಟ್ಟುಕೊಂಡು, ಷರಾಯಿಯನ್ನು ಮೇಲಕ್ಕೆ ಸರಿಸಿಕೊಂಡ. ಆಕೆಯ ಕಾಲು ತನ್ನ ಕಾಲಿಗೆ ತಾಗಿಕೊಂಡು ಅಂಗುಲ ಅಂಗುಲವಾಗಿ ಪೆಟ್ಟಿಗೆಯತ್ತ ಜಾರುವುದು ಆ ನೊಂದ ಚರ್ಮಕ್ಕೆ ಸ್ಪಷ್ಟವಾಗಿ ತಿಳಿಯಿತು. ಕಾಲು ಮುಟ್ಟಿದಾಗ ಗಂಟೆ ಬಾರಿಸಿತು, ತೆಗೆದಾಗ ನಿಂತಿತು. ನರಮಂಡಲದ ಇಷ್ಟು ಜಾಣತನದ ಉಪಯೋಗವನ್ನು ನಾನು ಯಾವ ಪಠ್ಯಪುಸ್ತಕದಲ್ಲಿಯೂ ಓದಿಲ್ಲ. ಪ್ರಾಧ್ಯಾಪಕರು ಮಾಡದ ಈ ಪ್ರಯೋಗವನ್ನು ಮಾಡಿದವನು ಶಾಲೆಯನ್ನು ಅರ್ಧಕ್ಕೇ ಬಿಟ್ಟ ಪ್ರದರ್ಶನಕಾರ.

ಆದರೆ ಕಥೆ ಇಷ್ಟು ಸರಳವಾಗಿ ಮುಗಿಯದು. ಆಗಸ್ಟ್ ಕೊನೆಯಲ್ಲಿ ಹುಡಿನಿ ತನ್ನ ಸಹಾಯಕ ಕಾಲಿನ್ಸನಿಂದ ಒಂದು ಮರದ ಪೆಟ್ಟಿಗೆ ಮಾಡಿಸಿ ತಂದ. ಮಾರ್ಜರಿ ಅದರೊಳಗೆ ಕುಳಿತರೆ ತಲೆ ಮತ್ತು ಕೈಗಳು ಮಾತ್ರ ಹೊರಗೆ. ಒಂದು ದಿನ ವಾಲ್ಟರನ ದನಿ ಹುಡಿನಿಯನ್ನು ಕೆಟ್ಟ ಮಾತಿನಿಂದ ಬೈದು, ಪೆಟ್ಟಿಗೆಯೊಳಗೆ ಆತನೇ ಅಳತೆಗೋಲು ಇಡಿಸಿದ್ದಾನೆಂದು ದೂರಿತು. ತೆರೆದು ನೋಡಿದರೆ ಬಡಗಿಗಳು ಬಳಸುವ ಎರಡು ಅಡಿಯ ಮಡಿಕೆ ಅಳತೆಗೋಲು ಸಿಕ್ಕಿತು. ಗಂಟೆ ಬಾರಿಸಲೆಂದು ಆಕೆಯೇ ಒಳಗೆ ಒಯ್ದಳೆಂದು ಹುಡಿನಿ. ಆಕೆಯನ್ನು ಸಿಕ್ಕಿಸಲು ಈತನೇ ಹಾಕಿಸಿದನೆಂದು ಕ್ರಾಂಡನ್. ತಾನಲ್ಲವೆಂದು ಕಾಲಿನ್ಸ್ ಆಣೆಯಿಟ್ಟು ಹೇಳಿದ. ಬಹುಕಾಲದ ಮೇಲೆ ಆತ ಒಪ್ಪಿಕೊಂಡನೆಂಬ ಒಂದು ವದಂತಿ ಇದೆ, ಅದಕ್ಕೆ ಪುರಾವೆಯಿಲ್ಲ. ನನಗೆ ಹುಡಿನಿಯ ಮೇಲೆ ಪೂರ್ಣ ಭರವಸೆ ಇಲ್ಲವೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಜುಲೈನಲ್ಲಿ ಸತ್ಯ ಕಂಡವನು ಆಗಸ್ಟಿನಲ್ಲಿ ಅದನ್ನು ಮೆರುಗುಗೊಳಿಸಲು ಹೊರಟಿರಬಹುದು. ಸಮಿತಿ ತೀರ್ಪು ಕೊಡುವ ಮುನ್ನವೇ ನವೆಂಬರಿನಲ್ಲಿ ಆತ ಮಾರ್ಜರಿಯ ಗುಟ್ಟು ಬಯಲೆಂಬ ಕಿರುಪುಸ್ತಕ ಅಚ್ಚುಮಾಡಿಸಿ ಡಾಲರಿಗೊಂದರಂತೆ ಮಾರಿದ. 1925ರ ಜನವರಿಯಲ್ಲಿ ನಮ್ಮ ಸಿಂಫನಿ ಹಾಲಿನಲ್ಲಿಯೇ ತುಂಬಿದ ಸಭೆಯ ಮುಂದೆ ಹತ್ತು ಸಾವಿರ ಡಾಲರುಗಳ ಸವಾಲು ಹಾಕಿ, ಆಕೆಯ ತಂತ್ರಗಳನ್ನು ಆಡಿ ತೋರಿಸಿದ. ಆತನಿಗೆ ನಿಜವೂ ಬೇಕಿತ್ತು, ಟಿಕೆಟ್ಟೂ ಬೇಕಿತ್ತು. ಫೆಬ್ರವರಿಯಲ್ಲಿ ಸಮಿತಿ ಬಹುಮಾನ ನಿರಾಕರಿಸಿತು. ಕ್ಯಾರಿಂಗ್ಟನ್ ಒಬ್ಬ ಮಾತ್ರ ಆಕೆಯ ಪರ ನಿಂತ.

ಎದುರು ಪಕ್ಷದಲ್ಲಿದ್ದವರನ್ನೂ ನೋಡಬೇಕು. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಸರ್ ಆರ್ಥರ್ ಕಾನನ್ ಡಾಯ್ಲ್ ನಮ್ಮ ವೃತ್ತಿಬಾಂಧವರು, ಎಡಿನ್‌ಬರೊದಲ್ಲಿ ಕಲಿತ ವೈದ್ಯರು. ಅವರ ಪ್ರಾಮಾಣಿಕತೆಯನ್ನು ಶತ್ರುಗಳೂ ಶಂಕಿಸಲಿಲ್ಲ. ಪ್ರೇತವಾದದ ಪ್ರಚಾರಕ್ಕೆ ಕೈಯಿಂದ ಹಣ ಸುರಿದರು. 1918ರಲ್ಲಿ ಮಗನನ್ನು ಕಳೆದುಕೊಂಡ ಮೇಲೆ ಅದೇ ಅವರ ಬಾಳಾಯಿತು. ಇಬ್ಬರು ಬಾಲೆಯರು ಕಾಗದದಲ್ಲಿ ಕತ್ತರಿಸಿ ನಿಲ್ಲಿಸಿದ ಕಿನ್ನರಿಯರ ಛಾಯಾಚಿತ್ರಗಳನ್ನು ನಂಬಿ 1922ರಲ್ಲಿ ಪುಸ್ತಕವನ್ನೇ ಬರೆದರು. ಆ ಬಾಲೆಯರು ಮುದುಕಿಯರಾಗಿ ಗುಟ್ಟು ಬಿಟ್ಟದ್ದು 1983ರಲ್ಲಿ. ಅದೇ 1922ರ ಜೂನ್ 17ರಂದು, ಅಟ್ಲಾಂಟಿಕ್ ಸಿಟಿಯಲ್ಲಿ, ಡಾಯ್ಲ್‌ರ ಪತ್ನಿ ಹುಡಿನಿಯ ತೀರಿಹೋದ ತಾಯಿಯ ಸಂದೇಶವೆಂದು ಪುಟ ಪುಟಗಳನ್ನು ಬರೆದುಕೊಟ್ಟಿದ್ದರು. ಹುಡಿನಿಗೆ ತಾಯಿಯೆಂದರೆ ಪ್ರಾಣ. ಆಸೆಯಿಂದಲೇ ಕುಳಿತಿದ್ದ. ಆದರೆ ಬರಹದ ನೆತ್ತಿಯ ಮೇಲೆ ಶಿಲುಬೆಯ ಗುರುತು. ತಾಯಿ ಯೆಹೂದಿ ಗುರುವಿನ ಪತ್ನಿ. ಭಾಷೆ ಅಚ್ಚುಕಟ್ಟಾದ ಇಂಗ್ಲಿಷು. ಆಕೆಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಅಂದು ತನ್ನ ಹುಟ್ಟುಹಬ್ಬವೆಂಬ ಮಾತನ್ನೂ ಆ ತಾಯಿ ಎತ್ತಲಿಲ್ಲ. ಡಾಯ್ಲ್ ದಂಪತಿಗಳು ಮೋಸ ಮಾಡಿದರೆಂದು ಹುಡಿನಿ ಹೇಳಲಿಲ್ಲ. ಅವರು ನಂಬಿಯೇ ಬರೆದರೆಂದು ಆತನಿಗೆ ಗೊತ್ತಿತ್ತು. ಗಾಯ ಆರದೆ ಉಳಿದದ್ದು ಬಹುಶಃ ಅದರಿಂದಲೇ. ಸ್ನೇಹ ಮುರಿಯಿತು. ಪರದೇಶದಲ್ಲಿದ್ದು ತಾಯಿತಂದೆಯರ ಕೊನೆಗಾಲಕ್ಕೆ ತಲುಪಲಾರದೆ ಹೋದವರು ಈ ಸಭೆಯಲ್ಲಿ ಹಲವರಿದ್ದೀರಿ. ಅಂಥವರ ಮುಂದೆ ತಾಯಿಯ ಹೆಸರಿನ ಕಾಗದ ಹಿಡಿದು ಬರುವವನು ಕಳ್ಳನೋ ಸಜ್ಜನನೋ, ಕೇಳುವವರ ಎದೆಗೆ ಆಗುವುದು ಒಂದೇ.

ಬಹಿರಂಗಕ್ಕೆ ಹೋಗುವುದೆಲ್ಲ ಪ್ರದರ್ಶನವೆಂದು ಹೇಳುವಂತಿಲ್ಲ. ಲಂಡನ್ನಿನ ಹ್ಯಾರಿ ಪ್ರೈಸ್ 1931ರಲ್ಲಿ, ಹೆಲೆನ್ ಡಂಕನ್ ಎಂಬ ಮೀಡಿಯಮ್ ಬಾಯಿಂದ ಹೊರಡಿಸುತ್ತಿದ್ದ 'ಪ್ರೇತದ್ರವ್ಯ' ನುಂಗಿ ಕಕ್ಕಿದ ತೆಳುಬಟ್ಟೆಯೆಂದು ಸರಿಯಾಗಿಯೇ ಗುರುತಿಸಿದ. ಮಾರನೆಯ ವರ್ಷ ಜರ್ಮನಿಯ ಬ್ರೊಕೆನ್ ಬೆಟ್ಟದ ಮೇಲೆ, ಪತ್ರಕರ್ತರನ್ನು ಕಲೆಹಾಕಿಕೊಂಡು, ಮಂತ್ರ ಹಾಕಿದರೆ ಹೋತವೊಂದು ಸುಂದರ ತರುಣನಾಗುವುದೇ ಎಂದು ಪರೀಕ್ಷಿಸಿದ! ಹೋತ ಹೋತವಾಗಿಯೇ ಉಳಿಯಿತು. ಇದರ ಪಕ್ಕಕ್ಕೆ ನಮ್ಮ ಎಚ್. ನರಸಿಂಹಯ್ಯನವರನ್ನು ನಿಲ್ಲಿಸಿ ನೋಡಿ. ಈ ದೇಶದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಊರಿಗೆ ಮರಳಿದವರು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯೇ ಅವರ ಮನೆ, ಖಾದಿಯೇ ಉಡುಪು. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ, ನಿಯಂತ್ರಿತ ಪರೀಕ್ಷೆಗೆ ಬರಬೇಕೆಂದು ಸತ್ಯಸಾಯಿಬಾಬಾ ಅವರಿಗೆ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ. ವಿಚಾರ ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ಚರ್ಚೆಯಾಯಿತು. ಇದು ಪ್ರಚಾರಪ್ರಿಯತೆಯೆಂದು ಆಕ್ಷೇಪಿಸಿದವರಿಗೆ ಕಡಿಮೆಯಿರಲಿಲ್ಲ. ಭಕ್ತರ ಭಕ್ತಿಯ ಮಾತು ಬೇರೆ, ಅದನ್ನು ನಾನು ಇಲ್ಲಿ ಎತ್ತುವುದಿಲ್ಲ. ಆದರೆ ಷರತ್ತುಗಳನ್ನು ಮುಂಚಿತವಾಗಿ, ಹಗಲು ಬೆಳಕಿನಲ್ಲಿ, ಎಲ್ಲರೂ ಓದುವಂತೆ ಬರೆಯುವುದಕ್ಕೂ ಸಿಂಫನಿ ಹಾಲಿನ ಟಿಕೆಟ್ಟಿಗೂ ಅಂತರವಿದೆಯೆಂದು ನನ್ನ ತಿಳಿವಳಿಕೆ. ಪ್ರಚಾರದಿಂದ ಅವರಿಗೆ ದೊರೆತದ್ದು ಬಹುಪಾಲು ಬೈಗುಳ.

ಮತ್ತೆ ಲೈಮ್ ಬೀದಿಗೆ. ಬಹುಮಾನ ತಪ್ಪಿದರೂ ಮಾರ್ಜರಿಯ ಕೀರ್ತಿ ಕುಂದಲಿಲ್ಲ. ನ್ಯೂಯಾರ್ಕಿನ ಅಮೆರಿಕನ್ ಪ್ರೇತಶೋಧನ ಸಂಘ ಆಕೆಯನ್ನು ಎತ್ತಿ ಹಿಡಿಯಿತು. ಬರ್ಡ್ ಆ ಸಂಘದ ಅಧಿಕಾರಿಯಾದ. ಅದನ್ನು ಸಹಿಸದೆ ಪ್ರಿನ್ಸ್ 1925ರಲ್ಲಿ ರಾಜೀನಾಮೆಯಿತ್ತು ಬಾಸ್ಟನ್ನಿನಲ್ಲಿ ಬೇರೊಂದು ಸಂಘ ಕಟ್ಟಿದ. 1926ರಲ್ಲಿ ಜೆ. ಬಿ. ರೈನ್ ಎಂಬ ತರುಣ ವಿಜ್ಞಾನಿ ಹೆಂಡತಿಯೊಡನೆ ಭಕ್ತಿಯಿಂದ ಬಂದು, ಒಂದೇ ರಾತ್ರಿಯಲ್ಲಿ ಮೋಸ ಕಂಡು ಹಿಂದಿರುಗಿ ಹಾಗೆಂದೇ ಬರೆದ. ಆ ವರ್ಷದ ಅಕ್ಟೋಬರ್ 31ರಂದು, ಅಪೆಂಡಿಕ್ಸ್ ಒಡೆದು, ಹುಡಿನಿ ಐವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡ. ಬರ್ಡನಾದರೋ 1930ರಲ್ಲಿ ಸಂಘದ ಧರ್ಮದರ್ಶಿಗಳಿಗೆ ಗುಪ್ತ ವರದಿಯೊಂದನ್ನು ಸಲ್ಲಿಸಿದ: ಹುಡಿನಿ ಬಂದಾಗ ಚಮತ್ಕಾರ ನಡೆಯದೆ ಹೋದರೆ ಗಂಟೆಯನ್ನು ನೀವೇ ಬಾರಿಸಬೇಕೆಂದು ಮಾರ್ಜರಿ ತನ್ನನ್ನು ಏಕಾಂತದಲ್ಲಿ ಕೇಳಿಕೊಂಡಿದ್ದಳು ಎಂದು. ಆರು ವರ್ಷ ಆತ ಇದನ್ನು ಎದೆಯಲ್ಲಿಟ್ಟುಕೊಂಡು ಆಕೆಯನ್ನು ಹೊಗಳಿ ಪುಸ್ತಕ ಬರೆದಿದ್ದ. ಸಂಘವೂ ವರದಿಯನ್ನು ಪ್ರಕಟಿಸಲಿಲ್ಲ.

ಇಷ್ಟೆಲ್ಲ ಜನರಲ್ಲಿ ನನಗೆ ಗೌರವ ಹುಟ್ಟಿಸಿದವನು, ಹೆಚ್ಚು ಜನ ಕೇಳಿಯೇ ಇರದ ಇ. ಇ. ಡಡ್ಲಿ. ಆತ ಮಾರ್ಜರಿಯ ಪಕ್ಷದವನು. 1926ರಿಂದ ಮೃತ ವಾಲ್ಟರ್ ಮೃದುವಾದ ಮೇಣದ ಮೇಲೆ ಹೆಬ್ಬೆರಳ ಗುರುತು ಒತ್ತಿಕೊಡುತ್ತಿದ್ದ. ಅದೇ ಆಕೆಯ ಪರವಾದ ಬಲವಾದ ಸಾಕ್ಷ್ಯವೆನಿಸಿತ್ತು. ಆ ಸಾಕ್ಷ್ಯವನ್ನು ಪೂರ್ಣಗೊಳಿಸುವ ಉತ್ಸಾಹದಿಂದ ಡಡ್ಲಿ, ಮೊದಲ ವರ್ಷಗಳಲ್ಲಿ ಆ ಕೋಣೆಯಲ್ಲಿ ಕುಳಿತಿದ್ದ ಪ್ರತಿಯೊಬ್ಬರ ಬೆರಳಚ್ಚನ್ನೂ ಒಂದೊಂದಾಗಿ ಸಂಗ್ರಹಿಸುತ್ತ ಹೋದ. ಯಾರದೂ ಹೊಂದದಿದ್ದರೆ ವಾಲ್ಟರನದೇ ಎಂದು ಸಿದ್ಧವಾಗುವುದಷ್ಟೆ. 1932ರಲ್ಲಿ ಒಬ್ಬರದು ಹೊಂದಿತು. ಅದು ಮಾರ್ಜರಿಯ ದಂತವೈದ್ಯನದು. ಎಡಗೈ ಹೆಬ್ಬೆರಳೂ ಸರಿ, ಬಲಗೈ ಹೆಬ್ಬೆರಳೂ ಸರಿ. ಮೇಣದ ಮೇಲೆ ಅಚ್ಚು ತೆಗೆಯುವ ಬಗೆಯನ್ನು ಆತನೇ ಆಕೆಗೆ ತನ್ನ ಬೆರಳೊತ್ತಿ ತೋರಿಸಿಕೊಟ್ಟಿದ್ದನಂತೆ. ಆಗ ಆತ ಆರೋಗ್ಯವಾಗಿ ಬದುಕಿದ್ದ.

ಡಡ್ಲಿ ಆ ಹಾಳೆಗಳನ್ನು ಮುಚ್ಚಿಡಬಹುದಿತ್ತು. ಬೇರೆ ಯಾರೂ ಅವನ್ನು ಹುಡುಕುತ್ತಿರಲಿಲ್ಲ. ಆತ ಅವನ್ನು ತನ್ನ ಸಂಘಕ್ಕೇ ಒಯ್ದ. ಸಂಘ ಅಚ್ಚುಹಾಕಲು ಒಪ್ಪಲಿಲ್ಲ. ಆಗ ಎದುರು ಪಕ್ಷದ ಪ್ರಿನ್ಸನ ಬಾಸ್ಟನ್ ಸಂಘಕ್ಕೆ ಕೊಟ್ಟ. ಅದೇ ವರ್ಷ ಆ ಸಂಘ ಅವನ್ನು ಪ್ರಕಟಿಸಿತು. ಡಾಕ್ಟರ್ ಕ್ರಾಂಡನ್ 1939ರಲ್ಲಿಯೂ ಮೀನಾ 1941ರ ನವೆಂಬರಿನಲ್ಲಿಯೂ ತೀರಿಕೊಂಡರು. ಕೊನೆಯ ವರ್ಷಗಳಲ್ಲಿಯೂ ಲೈಮ್ ಬೀದಿಯ ಮನೆಗೆ ಭಕ್ತರು ಬರುತ್ತಿದ್ದರು.