ಎರಡು ಹನಿ ಔಷಧ: ಕ್ಲೆಮ್ ರೆನೂಫ್ ಅವರ ಸೇವಾಜೀವನ

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಪ್ರಾಂತದಲ್ಲಿ 1921ರಲ್ಲಿ ಜನಿಸಿ, ಎರಡನೆಯ ಮಹಾಯುದ್ಧಕಾಲದಲ್ಲಿ ವಾಯುಸೇನೆಯಲ್ಲಿ ದುಡಿದು, ತರುವಾಯ ನ್ಯಾಂಬೋರ್ ಎಂಬ ಸಣ್ಣ ಪಟ್ಟಣದಲ್ಲಿ ಲೆಕ್ಕಪತ್ರಗಳ ವೃತ್ತಿಯನ್ನು ಹಿಡಿದು ನೆಲಸಿದ ಕ್ಲೆಮ್ ರೆನೂಫ್ ಅವರು, 1949ರಲ್ಲಿ ಅಲ್ಲಿಯ ರೋಟರಿ ಕ್ಲಬ್ಬನ್ನು ಸೇರಿ, ಸುಮಾರು ಏಳು ದಶಕಗಳ ಕಾಲ ಸೇವಾವ್ರತವನ್ನು ನಡೆಸಿ, 2020ರಲ್ಲಿ ದಿವಂಗತರಾದರು.

1978ರಲ್ಲಿ ರೋಟರಿಯ ಅಂತರರಾಷ್ಟ್ರೀಯ ಅಧ್ಯಕ್ಷಪದವಿಗೆ ಏರಿದ ಅವರು, ಮರುವರ್ಷ ವಿಮಾನಯಾನದಲ್ಲಿದ್ದಾಗ ಸಿಡುಬಿನ ನಿರ್ಮೂಲನವನ್ನು ಕುರಿತ ಲೇಖನವೊಂದನ್ನು ಓದಿ, ಅದೇ ಪರಿಯಲ್ಲಿ ತೊಲಗಿಸಬಹುದಾದ ವ್ಯಾಧಿ ಮತ್ತೊಂದುಂಟೇ ಎಂದು ವೈದ್ಯ ಜಾನ್ ಸೆವರ್ ಅವರನ್ನು ಕೇಳಿದರು. ಪದವಿಗಿಂತಲೂ ಆ ಪ್ರಶ್ನೆಯೇ ಹಿರಿದೆಂದು ಹೇಳಬೇಕು. ಪೋಲಿಯೊ ಎಂಬುದೇ ಉತ್ತರ. ಸೂಜಿಯ ಹಂಗಿಲ್ಲದೆ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಂಪಾಗಿ ತಂದ ಲಸಿಕೆಯನ್ನು, ಮಗುವಿನ ಬಾಯಿ ತೆರೆಸಿ ನಾಲಗೆಯ ಮೇಲೆ ಎರಡು ಹನಿ ಬೀಳಿಸುವ ಆ ಕಾರ್ಯವನ್ನು, ಕೊಂಚ ತರಬೇತಿ ಪಡೆದ ಸ್ವಯಂಸೇವಕನೂ ನಿರ್ವಹಿಸಬಲ್ಲವನಾಗಿದ್ದನು.

1979ರ ಸೆಪ್ಟೆಂಬರ್ 29ರಂದು ಫಿಲಿಪೀನ್ಸ್‌ನಲ್ಲಿ, ಸುಮಾರು 60 ಲಕ್ಷ ಮಕ್ಕಳನ್ನು ಉದ್ದೇಶಿಸಿದ ರೋಟರಿ ಯೋಜನೆಯ ಮೊದಲ ಹನಿಗಳನ್ನು ಹಾಕಿದವರು ಅವರ ಉತ್ತರಾಧಿಕಾರಿ ಜೇಮ್ಸ್ ಬೋಮಾರ್. ರೆನೂಫ್ ಅವರ ಅಧಿಕಾರಾವಧಿ ಅಷ್ಟರಲ್ಲೇ ತೀರಿತ್ತು. 1985ರಲ್ಲಿ ರೋಟರಿಯು ಈ ಕಾರ್ಯವನ್ನು ಜಗದ್ವ್ಯಾಪಿಯಾಗಿ ಕೈಗೊಂಡಿತು. ಕನ್ನಡನಾಡಿನ ಊರೂರುಗಳಲ್ಲಿಯೂ ಶಾಲೆಯ ಜಗಲಿಯ ಮೇಲೆ ಹನಿ ಹಾಕಿಸಿಕೊಂಡ ಕೂಸುಗಳ ಎಡಗೈ ಕಿರುಬೆರಳಿಗೆ ಮಸಿಯ ಗುರುತು ಬಿದ್ದಿತು. 2014ರ ಮಾರ್ಚಿನಲ್ಲಿ ಭಾರತವು ಪೋಲಿಯೊಮುಕ್ತವೆಂದು ಘೋಷಿತವಾಯಿತು.