ಇಮೇಲ್ ಕಂಪನಿ ಬದಲಿಸ್ತೀರಾ? ಬಿಲ್, ಕೊಟೇಶನ್ ಸ್ಪ್ಯಾಮ್ ಸೇರುವ ಮುನ್ನ ಇದು ಗೊತ್ತಿರಲಿ

ಬುಕ್ಕಾಪಟ್ಟಣ: ಅಂಗಡಿ ಹೆಸರಲ್ಲೇ ಇಮೇಲ್ ವಿಳಾಸ ಮಾಡಿಸಿಕೊಂಡವರು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಕಡೆಯೂ ಈಗ ಸಿಗುತ್ತಾರೆ. ಪಂಪ್‌ಸೆಟ್ ಅಂಗಡಿ, ಗೊಬ್ಬರದ ಡೀಲರ್, ಖಾಸಗಿ ಶಾಲೆ, ಸಹಕಾರ ಸಂಘ ಹೀಗೆ. ರಿನೀವಲ್ ಸಮಯದಲ್ಲಿ ರೇಟ್ ಜಾಸ್ತಿ ಆಯ್ತು ಅಂತ ಕಂಪನಿ ಬದಲಿಸೋದು ಸಾಮಾನ್ಯ. ಬದಲಿಸೋದರಲ್ಲಿ ತಪ್ಪೇನಿಲ್ಲ. ಆದರೆ ಅವಸರ ಮಾಡಿದರೆ ಕಳಿಸಿದ ಕೊಟೇಶನ್ ಗಿರಾಕಿಯ ಸ್ಪ್ಯಾಮ್ ಸೇರುತ್ತದೆ, ಬರಬೇಕಾದ ಮೇಲ್ ಹಳೇ ಖಾತೆಯಲ್ಲೇ ಉಳಿಯುತ್ತದೆ. ಎಷ್ಟೋ ಸಲ ಹೀಗಾಗಿದೆ ಅನ್ನೋದು ಕಳಿಸಿದವರಿಗೂ ಗೊತ್ತಾಗಲ್ಲ, ಪಡೆಯಬೇಕಾದವರಿಗೂ ಗೊತ್ತಾಗಲ್ಲ.

ವಿಳಾಸ ಅದೇ, ಕಂಪನಿ ಬೇರೆ

ಇದು ಸಣ್ಣ ಅಂಗಡಿಗೆ ಮಾತ್ರ ಬರುವ ಕೆಲಸವಲ್ಲ. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇಮೇಲ್, ಚೆನ್ನೈ ಮೂಲದ ಜೋಹೊ ಕಂಪನಿಯ ವ್ಯವಸ್ಥೆಗೆ ವರ್ಗವಾದ ವಿಷಯ 2025ರ ಅಕ್ಟೋಬರ್‌ನಲ್ಲಿ ಸುದ್ದಿಯಾಯಿತು. 7 ವರ್ಷದ ಗುತ್ತಿಗೆ 2023ರಲ್ಲೇ ಆಗಿತ್ತು. ನೌಕರರ ವಿಳಾಸದ ಕೊನೆಯಲ್ಲಿರುವ ‘ಜಿಒವಿ ಡಾಟ್ ಇನ್’, ‘ಎನ್‌ಐಸಿ ಡಾಟ್ ಇನ್’ ಮಾತ್ರ ಬದಲಾಗಲಿಲ್ಲ. ಅದೇ ಅಕ್ಟೋಬರ್ 8ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ತಾವೂ ಜೋಹೊ ಮೇಲ್‌ಗೆ ಬದಲಾಗಿರುವುದಾಗಿ ತಿಳಿಸಿ, ಹೊಸ ವಿಳಾಸವನ್ನೇ ಪ್ರಕಟಿಸಿದರು.

ಅಂದರೆ ಬದಲಾವಣೆ ಎರಡು ಥರ. ವಿಳಾಸವೇ ಬದಲಾದರೆ ಎಲ್ಲರಿಗೂ ತಿಳಿಸಬೇಕು. ಸ್ವಂತ ಡೊಮೇನ್ ಇದ್ದವರಿಗೆ ವಿಳಾಸ ಹಾಗೇ ಉಳಿಯುತ್ತದೆ. ಆದರೆ ಹಳೇ ಕಂಪನಿಯ ಸರ್ವರ್‌ಗೆ ಇದ್ದ ನಂಬಿಕೆ ಹೊಸದಕ್ಕೆ ತಾನಾಗೇ ಬರಲ್ಲ.

ಮೂರು ದಾಖಲೆ ಸರಿ ಇರಬೇಕು

ಮೇಲ್ ಬಂದಾಗ ಜಿಮೇಲ್, ಯಾಹೂ, ಔಟ್‌ಲುಕ್ ಮುಖ್ಯವಾಗಿ ಮೂರು ದಾಖಲೆ ನೋಡುತ್ತವೆ. ಇವು ಡೊಮೇನ್‌ನ ಸೆಟ್ಟಿಂಗ್‌ನಲ್ಲಿ ಇರುತ್ತವೆ.

ಎಸ್‌ಪಿಎಫ್: ಈ ಡೊಮೇನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂಬ ಪಟ್ಟಿ. ಒಂದು ಡೊಮೇನ್‌ಗೆ ಇದು ಒಂದೇ ಇರಬೇಕು. ಹಳೆಯದರ ಪಕ್ಕಕ್ಕೆ ಹೊಸ ಕಂಪನಿಯದು ಇನ್ನೊಂದು ಸೇರಿಸಿದರೆ ಎರಡೂ ಕೆಲಸ ಮಾಡಲ್ಲ. ಇರುವ ಸಾಲಿನಲ್ಲೇ ಹೊಸ ಕಂಪನಿಯ ಹೆಸರು ಸೇರಿಸಬೇಕು.

ಡಿಕಿಮ್: ಮೇಲ್‌ಗೆ ಬೀಳುವ ಡಿಜಿಟಲ್ ಸಹಿ. ಹೊಸ ಕಂಪನಿ ಕೊಡುವ ಕೀಯನ್ನು ಹಾಕಿಸಿ, ಅದು ಆನ್ ಆಗಿದೆಯಾ ನೋಡಬೇಕು.

ಡಿಮಾರ್ಕ್: ಮೇಲಿನ ತಪಾಸಣೆಯಲ್ಲಿ ಫೇಲಾದ ಮೇಲ್ ಏನು ಮಾಡಬೇಕು ಎಂದು ಡೊಮೇನ್ ಮಾಲೀಕರು ಕೊಡುವ ಸೂಚನೆ. ಬದಲಾವಣೆ ಸಮಯದಲ್ಲಿ ‘ತಿರಸ್ಕರಿಸಿ’ ಎಂದು ಇಟ್ಟಿದ್ದರೆ ಸ್ವಂತ ಬಿಲ್ಲೇ ತಿರಸ್ಕಾರ ಆಗಬಹುದು.

2024ರ ಫೆಬ್ರವರಿಯಿಂದ ಜಿಮೇಲ್‌ಗೆ ಮೇಲ್ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಕಡ್ಡಾಯ. ದಿನಕ್ಕೆ 5,000ಕ್ಕೂ ಹೆಚ್ಚು ಕಳಿಸುವವರಿಗೆ ಮೂರೂ ಬೇಕು. ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು ಎಂಬ ನಿಯಮವೂ ಇದೆ. ದೊಡ್ಡ ಪ್ರಮಾಣದಲ್ಲಿ ಕಳಿಸುವವರಿಗೆ ಔಟ್‌ಲುಕ್ ಕೂಡ 2025ರ ಮೇನಿಂದ ಇಂಥದ್ದೇ ನಿಯಮ ತಂದಿದೆ.

ಜಿಎಸ್‌ಟಿ ಇದ್ದವರು ಹುಷಾರ್

ಜಿಎಸ್‌ಟಿ ನೋಂದಣಿಯಲ್ಲಿ ಕೊಟ್ಟ ಇಮೇಲ್‌ಗೆ ನೋಟಿಸ್ ಕಳಿಸಲು ಕಾಯ್ದೆಯ 169ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ನೋಂದಣಿ ರದ್ದು ಮಾಡುವ ಶೋಕಾಸ್ ನೋಟಿಸ್ ಬಂದರೆ ಉತ್ತರ ಕೊಡಲು 7 ಕೆಲಸದ ದಿನ ಮಾತ್ರ. ಹಳೇ ಖಾತೆ ಬಂದ್ ಮಾಡಿ, ಹೊಸದು ಇನ್ನೂ ಸೆಟ್ ಆಗದೇ ಇದ್ದ ವಾರದಲ್ಲೇ ಅದು ಬಂದರೆ ಕಥೆ ಮುಗೀತು. ಹಾಗಾಗಿ ಬದಲಾವಣೆ ದಿನಗಳಲ್ಲಿ ಜಿಎಸ್‌ಟಿ ಪೋರ್ಟಲ್‌ಗೇ ಲಾಗಿನ್ ಆಗಿ ನೋಟಿಸ್ ನೋಡುವುದು ಒಳ್ಳೆಯದು. ವಿಳಾಸವೇ ಬದಲಾದರೆ ಪೋರ್ಟಲ್‌ನಲ್ಲೂ, ಬ್ಯಾಂಕ್‌ನಲ್ಲೂ ತಿದ್ದಿಸಬೇಕು.

ಯಾವ ಕ್ರಮದಲ್ಲಿ ಮಾಡಬೇಕು?

* ಮೊದಲು ಡೊಮೇನ್‌ನ ಲಾಗಿನ್ ಯಾರ ಕೈಯಲ್ಲಿದೆ ನೋಡಬೇಕು. ವೆಬ್‌ಸೈಟ್ ಮಾಡಿಕೊಟ್ಟವರ ಹತ್ತಿರ ಮಾತ್ರ ಇದ್ದರೆ ಅಂಗಡಿ ಮಾಲೀಕರು ಪಡೆದುಕೊಳ್ಳಬೇಕು. ಅದಿಲ್ಲದೆ ಮುಂದಿನದು ಯಾವುದೂ ಆಗಲ್ಲ.

* ಹಳೇ ಮೇಲ್‌ಗಳನ್ನೂ ಗಿರಾಕಿಗಳ ವಿಳಾಸ ಪಟ್ಟಿಯನ್ನೂ ಕಾಪಿ ಮಾಡಿಟ್ಟುಕೊಳ್ಳಬೇಕು. ‘ಮೇಲ್ ಬೇಡ’ ಎಂದವರ ಪಟ್ಟಿಯನ್ನೂ ಹೊಸ ಕಡೆಗೆ ಒಯ್ಯಬೇಕು. ಅವರಿಗೆ ಮತ್ತೆ ಮೇಲ್ ಹೋದರೆ ಸ್ಪ್ಯಾಮ್ ಎಂದು ದೂರು ಕೊಡುತ್ತಾರೆ.

* ಹೊಸ ಕಂಪನಿಯಲ್ಲಿ ಖಾತೆಗಳನ್ನು ತೆರೆದು, ಎಸ್‌ಪಿಎಫ್ ಮತ್ತು ಡಿಕಿಮ್ ಮುಗಿಸಿದ ಮೇಲಷ್ಟೇ ಎಂಎಕ್ಸ್ ರೆಕಾರ್ಡ್ ಬದಲಿಸಬೇಕು. ಬರುವ ಮೇಲ್ ಎಲ್ಲಿಗೆ ಹೋಗಬೇಕು ಎಂದು ಹೇಳುವುದು ಇದೇ.

* ಹಳೇ ಖಾತೆ ಕನಿಷ್ಠ ಒಂದು ತಿಂಗಳು ಇರಲಿ. ಎಂಎಕ್ಸ್ ಬದಲಾದದ್ದು ಎಲ್ಲ ಕಡೆ ಒಂದೇ ಸಲ ತಲುಪಲ್ಲ, ಒಂದೆರಡು ದಿನ ಕೆಲವು ಮೇಲ್ ಹಳೇ ಕಡೆಗೇ ಬರಬಹುದು.

* ಬಿಲ್ಲಿಂಗ್ ಸಾಫ್ಟ್‌ವೇರ್, ವೆಬ್‌ಸೈಟ್‌ನ ಎನ್‌ಕ್ವೈರಿ ಫಾರ್ಮ್‌ಗಳಲ್ಲಿ ಹಳೇ ಪಾಸ್‌ವರ್ಡ್ ಕೂತಿರುತ್ತದೆ. ಅಲ್ಲೂ ಬದಲಿಸಬೇಕು.

* ಹೊಸ ಕಂಪನಿಗೆ ಬಂದ ದಿನವೇ ಸಾವಿರ ಜನಕ್ಕೆ ದೀಪಾವಳಿ ಆಫರ್ ಕಳಿಸಬಾರದು. ಖಾಯಂ ಗಿರಾಕಿಗಳಿಂದ ಶುರುಮಾಡಿ ನಿಧಾನಕ್ಕೆ ಹೆಚ್ಚಿಸಿದರೆ ನಂಬಿಕೆ ಬೆಳೆಯುತ್ತದೆ.

ಸರಿ ಇದೆಯಾ ಅಂತ ನೋಡುವುದು ಹೇಗೆ?

ಹೊಸ ಖಾತೆಯಿಂದ ಮನೆಯವರ ಜಿಮೇಲ್‌ಗೆ ಒಂದು ಮೇಲ್ ಕಳಿಸಿ, ಕಂಪ್ಯೂಟರ್‌ನಲ್ಲಿ ತೆರೆದು, ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ನೋಡಬೇಕು. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೂ ‘ಪಾಸ್’ ಎಂದಿರಬೇಕು. ಯಾಹೂ, ಔಟ್‌ಲುಕ್‌ಗೂ ಒಂದೊಂದು ಕಳಿಸಿ ಇನ್‌ಬಾಕ್ಸ್‌ಗೆ ಬಂತಾ ನೋಡಬಹುದು. ಮೊದಲ ಎರಡು ವಾರ ದೊಡ್ಡ ಮೊತ್ತದ ಕೊಟೇಶನ್ ಕಳಿಸಿದ ಮೇಲೆ ಗಿರಾಕಿಗೆ ಒಂದು ಫೋನ್ ಮಾಡಿ, ‘ಮೇಲ್ ಬಂತಾ, ಸ್ಪ್ಯಾಮ್‌ನಲ್ಲೂ ಒಂದ್ಸಲ ನೋಡಿ’ ಎನ್ನುವುದು ಖರ್ಚಿಲ್ಲದ ಉಪಾಯ. ಸ್ಪ್ಯಾಮ್‌ನಲ್ಲಿ ಸಿಕ್ಕರೆ ‘ನಾಟ್ ಸ್ಪ್ಯಾಮ್’ ಒತ್ತಲು ಹೇಳಬೇಕು, ಮುಂದಿನ ಬಿಲ್ ನೇರ ಇನ್‌ಬಾಕ್ಸ್‌ಗೆ ಹೋಗಲು ಅದರಿಂದ ಸಹಾಯ ಆಗುತ್ತದೆ.