ಸೈಕಲ್ಲಿನ ಊರು ಸ್ಕೂಟರಿನ ಊರಾದ ಕಥೆ

1888ರಲ್ಲಿ ಬೆಳಗಾವಿಯಲ್ಲಿ ಒಂದು ಸೈಕಲ್ ಅಂಗಡಿ ಶುರುವಾಯಿತು. ಅಂಗಡಿ ಇಟ್ಟವರು ಅದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್. ಮುಂಬೈಯ ತಾಂತ್ರಿಕ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಅವರು ಅಲ್ಲಿಂದ ಸೈಕಲ್ ಕಳಿಸುತ್ತಿದ್ದರು, ಬೆಳಗಾವಿಯಲ್ಲಿ ಅಣ್ಣ ವ್ಯಾಪಾರ ನೋಡಿಕೊಳ್ಳುತ್ತಿದ್ದರು. ಗಾಳಿ ತುಂಬಿದ ಟೈರಿಗೆ ಡನ್‌ಲಪ್ ಪೇಟೆಂಟ್ ಪಡೆದದ್ದೂ ಅದೇ ವರ್ಷ. ಸೈಕಲ್ ಆಗ ಸಾಹೇಬರಿಗೂ ಉಳ್ಳವರಿಗೂ ಮಾತ್ರ ಎಟುಕುವ ವಸ್ತು. ಆ ಅಂಗಡಿಯಿಂದ ಮುಂದೆ ಕಬ್ಬಿಣದ ನೇಗಿಲು ಬಂತು, 1910ರಲ್ಲಿ ಕಿರ್ಲೋಸ್ಕರವಾಡಿ ಬಂತು, 1946ರಲ್ಲಿ ಪುಣೆಯಲ್ಲಿ ಡೀಸೆಲ್ ಇಂಜಿನ್ ಮಾಡುವ ಕಂಪನಿಯೂ ಬಂತು. ಸೈಕಲ್ ಮಾರಿದ ಮನೆತನ ಇಂಜಿನ್ ತಯಾರಿಸುವ ಮನೆತನವಾಯಿತು. ಆ ಇಂಜಿನ್ನಿನ ಕಂಪನಿ ಬಂದು ನೆಲೆಸಿದ ಪುಣೆ ಮಾತ್ರ ಆಗಿನ್ನೂ ಸೈಕಲ್ಲಿನ ಮೇಲೆಯೇ ಓಡಾಡುತ್ತಿತ್ತು.

ಪುಣೆಗೆ ‘ಸೈಕಲ್ಲುಗಳ ಊರು’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಹಳೆಯ ಪೇಠೆಗಳಲ್ಲಿ ವಾಸ. ಕಚೇರಿ, ಕೋರ್ಟು, ಮಂಡಿ, ಕಾಲೇಜು ಎಲ್ಲವೂ ಮೂರು-ನಾಲ್ಕು ಕಿಲೋಮೀಟರಿನೊಳಗೆ. ಶನಿವಾರವಾಡೆಯಿಂದ ಲಕಡಿ ಪೂಲ್ ದಾಟಿ ಡೆಕ್ಕನ್ ಜಿಮ್‌ಖಾನಾ ಹಾದು ಫರ್ಗ್ಯೂಸನ್ ಕಾಲೇಜಿಗೆ ಹೋಗುವುದು ಕಾಲು ಗಂಟೆಯ ತುಳಿತ. ಖಡಕಿಯ ಮದ್ದುಗುಂಡಿನ ಕಾರ್ಖಾನೆಗೆ ಹೋಗುವವರಿಗೆ ಅದರ ಎರಡರಷ್ಟು. ಪ್ರೊಫೆಸರು, ಗುಮಾಸ್ತ, ಹಾಲಿನವನು, ವಿದ್ಯಾರ್ಥಿ ಎಲ್ಲರೂ ಒಂದೇ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿದ್ದರು. ಅಡ್ಡ ಬಾರ್ ಇಲ್ಲದ ಲೇಡೀಸ್ ಸೈಕಲ್ ತುಳಿದು ಹುಡುಗಿಯರು ಕಾಲೇಜಿಗೆ ಹೋಗುವುದು ಆ ಊರಿಗೆ ವಿಶೇಷವೇನೂ ಆಗಿರಲಿಲ್ಲ.

ಸೈಕಲ್ಲಿಗೆ ಆಗ ಕಾನೂನಿನ ಗೌರವವೂ ಇತ್ತು, ಕಾಟವೂ ಇತ್ತು. ಮುನಿಸಿಪಾಲಿಟಿಗೆ ತೆರಿಗೆ ಕಟ್ಟಿ ಬಿಲ್ಲೆ ತಗೊಂಡು ಸೈಕಲ್ಲಿಗೆ ಬಿಗಿಯಬೇಕು. ಕತ್ತಲಾದ ಮೇಲೆ ದೀಪವಿಲ್ಲದೆ ಹೋದರೆ ಪೊಲೀಸರು ಹಿಡಿಯುತ್ತಿದ್ದರು. ಇಬ್ಬರು ಕೂತರೆ ದಂಡ. ಪುಣೆಯಲ್ಲಿ ಅದಕ್ಕೆ ‘ಡಬಲ್ ಸೀಟ್’ ಎಂದು ಹೆಸರು. ಧಾರವಾಡ, ಮೈಸೂರು, ಬೆಂಗಳೂರಿನಲ್ಲಿ ಬೆಳೆದ ಹಿರಿಯರಿಗೂ ಈ ಬಿಲ್ಲೆ, ಡೈನಮೋ, ‘ಡಬಲ್ಸ್’ ಕಥೆಗಳು ಹೊಸವಲ್ಲ. ತೆರಿಗೆಯೋ ದಂಡವೋ, ಅದರಲ್ಲೊಂದು ಒಪ್ಪಿಗೆ ಅಡಗಿತ್ತು: ರಸ್ತೆಯಲ್ಲಿ ಸೈಕಲ್ ಒಂದು ವಾಹನ, ಸರ್ಕಾರ ಲೆಕ್ಕಕ್ಕೆ ತಗೊಳ್ಳಬೇಕಾದ ವಾಹನ.

ಈ ಊರು ಬದಲಾದದ್ದು ಹೇಗೆ? ಜನ ಸೋಮಾರಿಗಳಾದರು, ಕೈಯಲ್ಲಿ ಕಾಸು ಆಡಿತು, ಪ್ರತಿಷ್ಠೆ ಹೆಚ್ಚಿತು ಎಂಬುದು ಎಲ್ಲ ಊರಲ್ಲೂ ಕೇಳಿಬರುವ ಉತ್ತರ. ಅದರಲ್ಲಿ ಸ್ವಲ್ಪ ನಿಜವಿದೆ. ಆದರೆ ಪುಣೆಯ ಕಥೆಯಲ್ಲಿ ಮೊದಲು ಬದಲಾದದ್ದು ಜನರ ಮನಸ್ಸಲ್ಲ, ಮನೆಗೂ ಕೆಲಸಕ್ಕೂ ನಡುವಿನ ದೂರ.

1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆಯಿತು. ಆ ನೀರಿಗೆ ಕೆಳಗಿನ ಖಡಕವಾಸಲಾ ಅಣೆಕಟ್ಟೂ ತಡೆಯಲಿಲ್ಲ. ಮುಠಾ ನದಿಯ ದಂಡೆಯ ಪೇಠೆಗಳಲ್ಲಿ ಸಾವಿರಾರು ಮನೆಗಳು ಹೋದವು. ನಿರಾಶ್ರಿತರಿಗಾಗಿ ಸಹಕಾರನಗರ, ಗೋಖಲೆನಗರದಂಥ ಹೊಸ ಬಡಾವಣೆಗಳು ಎದ್ದವು. ಮುಷ್ಟಿಯಷ್ಟಿದ್ದ ಊರು ಬೆರಳು ಬಿಚ್ಚಿಕೊಂಡು ಹರಡತೊಡಗಿತು. ಮರುವರ್ಷ, 1962ರಲ್ಲಿ, ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿತು. ಪಿಂಪ್ರಿ, ಚಿಂಚ್‌ವಡ್, ಭೋಸರಿ, ಆಕುರ್ಡಿಗಳಲ್ಲಿ ಸಾಲುಸಾಲು ಕಾರ್ಖಾನೆಗಳು ಬಂದವು. ಪೇಠೆಯಿಂದ ಪಿಂಪ್ರಿಗೆ ಹದಿನೈದು ಕಿಲೋಮೀಟರು. ಹೋಗಿ ಬರಲು ಮೂವತ್ತು, ನಡುವೆ ಎಂಟು ಗಂಟೆ ನಿಂತು ದುಡಿತ. ಇಂಥ ದಾರಿಯಲ್ಲಿ ಸೈಕಲ್ ಬಿಟ್ಟವನನ್ನು ಸೋಮಾರಿ ಎನ್ನಲಾಗದು.

ದೂರವನ್ನು ತಂದ ಆ ಕಾರ್ಖಾನೆಗಳೇ ದೂರಕ್ಕೆ ಮದ್ದನ್ನೂ ತಯಾರಿಸಿದವು. ಇಟಲಿಯ ಪಿಯಾಜಿಯೋ ಜೊತೆಗಿನ ಒಪ್ಪಂದದಲ್ಲಿ ವೆಸ್ಪಾ ಮಾಡುತ್ತಿದ್ದ ಬಜಾಜ್ ಕಂಪನಿ, ಆ ಒಪ್ಪಂದ ಮುಗಿದ ಮೇಲೆ 1972ರಲ್ಲಿ ಚೇತಕ್ ಹೊರತಂದಿತು. ಎಷ್ಟು ಸ್ಕೂಟರ್ ಮಾಡಬಹುದೆಂದು ಸರ್ಕಾರವೇ ಮಿತಿ ಹಾಕುತ್ತಿದ್ದ ಲೈಸೆನ್ಸ್ ಕಾಲವದು. ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕು. ಷೋರೂಮಿನ ಬೆಲೆಗಿಂತ ಹೆಚ್ಚು ಕೊಟ್ಟು ಹಳೆಯ ಸ್ಕೂಟರ್ ಕೊಳ್ಳುವವರಿದ್ದರು. ಮದುವೆ ಮಾತುಕತೆಯಲ್ಲಿ ಸ್ಕೂಟರಿನ ಪ್ರಸ್ತಾಪ ಬಂದೇ ಬರುತ್ತಿತ್ತು. ಗಂಡನ ಹಿಂದೆ ಹೆಂಡತಿ, ಮುಂದೆ ನಿಂತ ಮಗು: ಸೈಕಲ್ಲಿನ ಮೇಲೆ ದಂಡ ಕಟ್ಟಿಸಿಕೊಳ್ಳುತ್ತಿದ್ದ ಸಂಸಾರ ಸ್ಕೂಟರಿನ ಮೇಲೆ ಜಾಹೀರಾತಿನ ಚಿತ್ರವಾಯಿತು.

ಅದೇ 1972ರಲ್ಲಿ ಪುಣೆಯ ಕೈನೆಟಿಕ್ ಇಂಜಿನಿಯರಿಂಗ್ ಕಂಪನಿ ಲೂನಾ ಮೊಪೆಡ್ ಬಿಟ್ಟಿತು. ಐವತ್ತು ಸಿಸಿಯ ಪುಟ್ಟ ಇಂಜಿನ್, ಜೊತೆಗೆ ತುಳಿಯಲು ಪೆಡಲ್. ಎಷ್ಟೋ ಮನೆಗಳಿಗೆ ಸೈಕಲ್ಲಿನಿಂದ ಇಂಜಿನ್ನಿಗೆ ದಾಟುವ ಸೇತುವೆಯಾದದ್ದು ಈ ಲೂನಾ. ಸೀರೆಯುಟ್ಟ ಶಾಲಾಶಿಕ್ಷಕಿ, ಪಿಂಚಣಿದಾರ, ಎಲ್‌ಐಸಿ ಏಜೆಂಟ್ ಎಲ್ಲರಿಗೂ ಅದು ಒಗ್ಗಿತು. 1980ರ ದಶಕದ ನಡುವಿನಲ್ಲಿ ಗೇರಿಲ್ಲದ ಕೈನೆಟಿಕ್ ಹೋಂಡಾ ಬಂದಾಗ, ಬಟನ್ ಒತ್ತಿ ಹೊರಡುವ ಆ ಗಾಡಿ ಹೆಂಗಸರ ಓಡಾಟಕ್ಕೆ ಕೊಟ್ಟ ಬಿಡುವು ಸಣ್ಣದೇನಲ್ಲ. ಸೈಕಲ್ ಹೋದದ್ದಕ್ಕೆ ಬರೀ ಮರುಗಿದರೆ ಈ ಬಿಡುಗಡೆಯನ್ನು ಮರೆತಂತಾಗುತ್ತದೆ.

ಪುಣೆಯಲ್ಲಷ್ಟೇ ಹೀಗಾಯಿತು ಎಂದಲ್ಲ. 1956ರಲ್ಲಿ ಲೂಧಿಯಾನದಲ್ಲಿ ಹೀರೋ ಸೈಕಲ್ ಕಾರ್ಖಾನೆ ತೆರೆದ ಮುಂಜಾಲ್ ಮನೆತನವೇ 1984ರಲ್ಲಿ ಹೋಂಡಾ ಜೊತೆ ಸೇರಿ ಮೋಟರ್‌ಬೈಕಿಗೆ ಕೈಹಾಕಿತು. ಬೆಳಗಾವಿಯ ಅಂಗಡಿ ತುಳಿದ ದಾರಿಯನ್ನೇ ಇಡೀ ದೇಶ ತುಳಿಯುತ್ತಿತ್ತು.

ಹದಿನೈದು ಕಿಲೋಮೀಟರು ದೂರದ ಕಾರ್ಖಾನೆಯ ಮಟ್ಟಿಗೆ ಈ ಲೆಕ್ಕ ಸರಿ. ಆದರೆ ಮೂಲೆಯ ಅಂಗಡಿಯ ಹಾಲು, ಮಂಡಿಯ ತರಕಾರಿ, ಎರಡು ಕಿಲೋಮೀಟರಾಚೆಯ ಶಾಲೆ, ಟ್ಯೂಷನ್, ಬ್ಯಾಂಕು? ಇವು ದೂರ ಸರಿದಿರಲಿಲ್ಲ. ಇವಕ್ಕೂ ಸೈಕಲ್ ಯಾಕೆ ಹೋಯಿತು ಎಂಬುದೇ ಈ ಇತಿಹಾಸದ ನಿಜವಾದ ಪ್ರಶ್ನೆ.

ಉತ್ತರ ರಸ್ತೆಯಲ್ಲಿದೆ. ಗಾಡಿಗಳು ಹೆಚ್ಚಿದಂತೆ ರಸ್ತೆ ಅಗಲವಾಯಿತು. 1990ರ ದಶಕದ ನಂತರ ಸಾಲದ ಕಂತಿನಲ್ಲಿ ಕಾರು ಸಿಕ್ಕಿತು, ಹಿಂಜವಡಿಯಲ್ಲಿ ಐಟಿ ಪಾರ್ಕು ಎದ್ದಿತು, ದೂರ ಇನ್ನಷ್ಟು ಬೆಳೆಯಿತು. ಫರ್ಗ್ಯೂಸನ್ ಕಾಲೇಜು ರಸ್ತೆ, ಜಂಗಲಿ ಮಹಾರಾಜ ರಸ್ತೆಗಳು ಏಕಮುಖವಾದವು. ಕಾರಿಗೆ ಅದು ಎರಡು ನಿಮಿಷದ ಸುತ್ತು, ಸೈಕಲ್ಲಿಗೆ ಕಾಲಿನ ಬಲ ತೆರಬೇಕಾದ ಸುತ್ತು. ಚೌಕಗಳ ಮೇಲೆ ಮೇಲ್ಸೇತುವೆಗಳು ಬಂದವು. ವಿಶ್ವವಿದ್ಯಾಲಯದ ಚೌಕದ ಮೇಲ್ಸೇತುವೆಗಳನ್ನು ಕಟ್ಟಿದ ಸುಮಾರು ಹದಿನೈದು ವರ್ಷಕ್ಕೆ, 2020ರಲ್ಲಿ, ಮೆಟ್ರೋಗಾಗಿ ಕೆಡವಿದರು. ಇವೆಲ್ಲ ದೂರ ಹೋಗುವವನ ಅನುಕೂಲಕ್ಕೆ ಆದ ಕೆಲಸಗಳು. ಅವುಗಳ ಬೆಲೆ ಕೊಟ್ಟವರು ಹತ್ತಿರ ಹೋಗುವವರು. ಹತ್ತು ವರ್ಷದ ಮಗುವನ್ನು ಸೈಕಲ್ಲಿನ ಮೇಲೆ ಶಾಲೆಗೆ ಕಳಿಸಲು ಹೆದರಿದ ತಾಯಿ ಸ್ಕೂಟಿ ಹತ್ತಿದಳು. ಶಾಲೆಯ ಗೇಟಿನ ಮುಂದೆ ಸ್ಕೂಟಿ, ಕಾರುಗಳ ಜಾತ್ರೆ ಸೇರಿತು. ಆ ಜಾತ್ರೆ ಕಂಡು, ಉಳಿದಿದ್ದ ನಾಲ್ಕು ಸೈಕಲ್ಲುಗಳೂ ಮನೆಯಲ್ಲಿ ನಿಂತವು. 2018ರ ಆರ್‌ಟಿಒ ಲೆಕ್ಕದಲ್ಲಿ ಪುಣೆಯ ವಾಹನಗಳು 36 ಲಕ್ಷ ದಾಟಿದ್ದವು, ಜನಸಂಖ್ಯೆ ಅಂದಾಜು 35 ಲಕ್ಷ. ಅವುಗಳಲ್ಲಿ ಮುಕ್ಕಾಲು ಪಾಲು ದ್ವಿಚಕ್ರಗಳು.

ನಗರ ಸುಮ್ಮನೆ ಕೂತಿರಲಿಲ್ಲ. 2006ರ ಕೊನೆಯಲ್ಲಿ ಸ್ವಾರ್‌ಗೇಟ್-ಕಾತ್ರಜ್ ಮಾರ್ಗದಲ್ಲಿ ಬಸ್ಸಿಗೆ ಪ್ರತ್ಯೇಕ ಪಥ ಬಂತು, ಅಂಥ ಮಾರ್ಗಗಳ ಪಕ್ಕ ಸೈಕಲ್ ಪಥವೂ ಬಂತು. 2017ರಲ್ಲಿ ಮಹಾನಗರಪಾಲಿಕೆ ಸುಮಾರು 800 ಕಿಲೋಮೀಟರು ಜಾಲದ ಸೈಕಲ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೊಬೈಲಿನಿಂದ ಬೀಗ ತೆಗೆದು ತುಳಿಯುವ ಬಾಡಿಗೆ ಸೈಕಲ್ಲುಗಳು ಸಾವಿರಗಟ್ಟಲೆ ಬಂದವು, ಎರಡು-ಮೂರು ವರ್ಷದಲ್ಲಿ ಮಾಯವೂ ಆದವು. ಪಥಗಳ ಕಷ್ಟ ಬೇರೆ ಬಗೆಯದು. ನೂರು ಮೀಟರು ಹೋದ ಮೇಲೆ ಒಂದು ಮರ, ಆಮೇಲೆ ಕರೆಂಟಿನ ಪೆಟ್ಟಿಗೆ, ಆಮೇಲೆ ನಿಲ್ಲಿಸಿದ ಸ್ಕೂಟರುಗಳ ಸಾಲು. ತೀರಾ ಅಪಾಯವಿರುವ ಚೌಕ ಬರುವಷ್ಟರಲ್ಲಿ ಪಥವೇ ಮುಗಿದಿರುತ್ತದೆ. ‘ಪಥ ಕಟ್ಟಿದರೂ ಯಾರೂ ತುಳಿಯುವುದಿಲ್ಲ’ ಎಂಬ ಮಾತು ಆಮೇಲೆ ಹುಟ್ಟಿಕೊಳ್ಳುತ್ತದೆ. ನದಿಯ ನಡುವಿಗೇ ನಿಂತ ಸೇತುವೆಯನ್ನೂ ಯಾರೂ ಬಳಸುವುದಿಲ್ಲ.

‘ಯಾರೂ’ ಎಂಬ ಪದಕ್ಕೆ ಜನಗಣತಿಯ ಉತ್ತರ ಬೇರೆಯೇ ಇದೆ. 2001ರಲ್ಲಿ ದೇಶದ ನೂರು ಮನೆಗಳಲ್ಲಿ ಸುಮಾರು 44ರಲ್ಲಿ ಸೈಕಲ್ ಇತ್ತು, 2011ರಲ್ಲಿ 45ರಲ್ಲಿ. ಅದೇ ಹತ್ತು ವರ್ಷದಲ್ಲಿ ಸ್ಕೂಟರ್, ಬೈಕುಗಳಿದ್ದ ಮನೆಗಳು 12ರಿಂದ 21ಕ್ಕೆ ಏರಿದವು. ಕಾರಿದ್ದ ಮನೆಗಳು 2011ರಲ್ಲೂ ನೂರಕ್ಕೆ ಐದನ್ನು ಮುಟ್ಟಿರಲಿಲ್ಲ. ನಗರಗಳಲ್ಲಿ ಸೈಕಲ್ 46ರಿಂದ 42ಕ್ಕೆ ಇಳಿದಿತ್ತು, ಹಳ್ಳಿಗಳಲ್ಲಿ 43ರಿಂದ 46ಕ್ಕೆ ಏರಿತ್ತು. ಅಂದರೆ ಸೈಕಲ್ ಸಾಯಲಿಲ್ಲ, ಕೈ ಬದಲಾಯಿಸಿತು. ಪ್ರೊಫೆಸರು ಮತ್ತು ಗುಮಾಸ್ತ ಅದರಿಂದ ಇಳಿದರು. ಕಟ್ಟಡದ ಕೂಲಿ, ವಾಚ್‌ಮನ್, ಪೇಪರ್ ಹಾಕುವ ಹುಡುಗ, ಸಣ್ಣ ಕಾರ್ಖಾನೆಯ ಹೆಲ್ಪರ್ ಅದರ ಮೇಲೆ ಉಳಿದರು. ಇಳಿದವರು ಯೋಜನೆ ಬರೆಯುವವರು, ಪತ್ರಿಕೆಗೆ ಪತ್ರ ಬರೆಯುವವರು, ಕಾರ್ಪೊರೇಟರಿಗೆ ಫೋನ್ ಮಾಡಬಲ್ಲವರು. ರಸ್ತೆಯ ಮೇಲೆ ಸೈಕಲ್ಲಿನ ಹಕ್ಕು ಹೋದದ್ದು ಸೈಕಲ್ ಕಡಿಮೆಯಾದದ್ದರಿಂದ ಮಾತ್ರವಲ್ಲ, ಅದರ ಪರವಾಗಿ ಮಾತಾಡಬಲ್ಲವರು ಇಳಿದುಹೋದದ್ದರಿಂದ.

ಒಮ್ಮೆ ಬಿಲ್ಲೆ ಕೊಟ್ಟು ತೆರಿಗೆ ವಸೂಲಿ ಮಾಡುತ್ತಿದ್ದ ಆಡಳಿತಕ್ಕೆ ಊರಲ್ಲಿ ಎಷ್ಟು ಸೈಕಲ್ಲುಗಳಿವೆ ಎಂಬ ಲೆಕ್ಕ ಸಿಗುತ್ತಿತ್ತು. ಬಿಲ್ಲೆ ಹೋಯಿತು, ಲೆಕ್ಕವೂ ಹೋಯಿತು. ರಾತ್ರಿ ಪಾಳಿ ಮುಗಿಸಿದ ವಾಚ್‌ಮನ್ ಹಿಂದೆ ಕೆಂಪು ದೀಪವಿಲ್ಲದ ಸೈಕಲ್ ಹತ್ತಿ, ಮುಂಬೈ-ಪುಣೆ ಹಳೆ ಹೆದ್ದಾರಿಯ ಅಂಚು ಹಿಡಿದು ಬೆಳಗಿನ ಜಾವ ಮನೆಗೆ ಹೋಗುತ್ತಾನೆ. ಹಿಂದಿನ ಕಾಲದಲ್ಲಾದರೆ ದೀಪವಿಲ್ಲದ್ದಕ್ಕೆ ಪೊಲೀಸರು ಅವನನ್ನು ನಿಲ್ಲಿಸಿ ದಂಡ ಹಾಕುತ್ತಿದ್ದರು. ಈಗ ಯಾರೂ ನಿಲ್ಲಿಸುವುದಿಲ್ಲ. ಹೆದ್ದಾರಿಯ ಲಾರಿಗೆ ಅವನು ಕಾಣಬೇಕು ಎಂಬ ಚಿಂತೆಯೂ ಯಾರಿಗೂ ಇದ್ದಂತಿಲ್ಲ.